ಹಳೆಯ ಮನೆಗೂ ಹೊಸ ಮನೆಗೂ ನಡುವಿನ ಹನ್ನೊಂದು ತಿಂಗಳು

ಕಳೆದ ವಾರ ಕಾಸರಗೋಡಿನ ನಮ್ಮ ಪಂಚಾಯತಿನ ಒಬ್ಬ ತಾಯಿ ನನಗೆ ಕರೆ ಮಾಡಿ, "ಲೈಫ್ ಮನೆ (ಸರ್ಕಾರದ ನೆರವಿನ ಮನೆ) ಪಾಸಾಗಿದೆ ಟೀಚರ್, ಹಳೆ ಮನೆ ಕೆಡವಿ ಅಲ್ಲೇ ಕಟ್ಟಬೇಕು, ಅಷ್ಟು ಸಮಯ ಮಗಳನ್ನು ಎಲ್ಲಿ ಮಲಗಿಸಲಿ?" ಎಂದು ಕೇಳಿದರು. ಮಗಳಿಗೆ ಇಪ್ಪತ್ತನಾಲ್ಕು ವರ್ಷ, ಹುಟ್ಟಿದಂದಿನಿಂದ ಹಾಸಿಗೆಯಲ್ಲಿದ್ದಾಳೆ. ಅವರು ಕೇಳಿದ ಪ್ರಶ್ನೆಯನ್ನೇ ನಾನೂ ನನ್ನ ಅಮ್ಮನೂ 2023ರಲ್ಲಿ ಹಲವರ ಮುಂದೆ ಕೇಳಿದ್ದೆವು. ಆಗ ನಮಗೆ ಸಿಗದ ಉತ್ತರ, ಆ ತಾಯಿಗೆ ಕೊಡಲು ಈಗ ನನ್ನಲ್ಲಿಯೂ ಇರಲಿಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ತಮ್ಮನಿಗೆ ಈಗ ಮೂವತ್ತಮೂರು ವರ್ಷ. ಹುಟ್ಟುವಾಗ ಅಳು ತಡವಾಗಿ ಬಂದದ್ದರಿಂದ ಸೆರೆಬ್ರಲ್ ಪಾಲ್ಸಿ ಆಯಿತು ಎಂದು ವೈದ್ಯರು ಹೇಳಿದ್ದರು. ಅವನಿಗೆ ಮೂವತ್ತು ನಲವತ್ತು ಮಾತುಗಳಿವೆ, ಅವು ಮನೆಯವರಿಗಷ್ಟೇ ತಿಳಿಯುತ್ತವೆ. ಹಳೆಯ ಮನೆಯಲ್ಲಿ ಅವನು ತನ್ನಷ್ಟಕ್ಕೆ ನಡೆಯುತ್ತಿದ್ದ. ಅವನ ಮಂಚದಿಂದ ಚಾವಡಿ ದಾಟಿ ಬಚ್ಚಲ ಬಾಗಿಲಿನವರೆಗೆ ಗೋಡೆಯುದ್ದಕ್ಕೂ ಅಪ್ಪ ಅಡಿಕೆ ಮರದ ಒಂದು ಗಳವನ್ನು ಸೊಂಟದೆತ್ತರಕ್ಕೆ ಬಿಗಿದಿದ್ದರು. ಹೊಸ್ತಿಲು ಬರುವಲ್ಲಿ ಅದಕ್ಕೆ ಹಗ್ಗ ಸುತ್ತಿ ಒಂದು ಗಂಟು ಹಾಕಿದ್ದರು, ಬೆರಳಿಗೆ ಗಂಟು ತಾಗಿದ ಕೂಡಲೇ ಅವನು ನಿಂತು, ಕಾಲೆತ್ತಿ, ಹೊಸ್ತಿಲು ದಾಟುತ್ತಿದ್ದ. ಇಪ್ಪತ್ತು ವರ್ಷ ಅವನ ಕೈ ಓಡಾಡಿ ಆ ಗಳ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಆ ದಾರಿಯಿಂದಾಗಿಯೇ ರಾತ್ರಿ ಅವನು ಯಾರನ್ನೂ ಎಬ್ಬಿಸದೆ ಬಚ್ಚಲಿಗೆ ಹೋಗಿ ಬರುತ್ತಿದ್ದ.

ಕೇರಳ ಸರ್ಕಾರದ ಲೈಫ್ ಮಿಷನ್ನಿನಲ್ಲಿ ಮನೆ ಕಟ್ಟಲು ಸಿಗುವುದು 4 ಲಕ್ಷ ರೂಪಾಯಿ. ಅದೂ ಒಮ್ಮೆಗೇ ಸಿಗುವುದಿಲ್ಲ, ಕೆಲಸ ಒಂದೊಂದು ಹಂತ ಮುಟ್ಟಿದ ಮೇಲೆ ಕಂತಾಗಿ ಬರುತ್ತದೆ. ನಮಗಿರುವ ಹತ್ತು ಸೆಂಟ್ಸ್ ಜಾಗ ಗುಡ್ಡದ ಇಳಿಜಾರಿನಲ್ಲಿದ್ದು, ಸಮತಟ್ಟಾದದ್ದು ಹಳೆಯ ಮನೆ ನಿಂತ ನೆಲವಷ್ಟೇ ಆದುದರಿಂದ ಅದನ್ನು ಕೆಡವದೆ ಹೊಸದು ಏಳುವಂತಿರಲಿಲ್ಲ. ಜನವರಿಯಲ್ಲಿ ಕೆಡವಿದೆವು. ಪತ್ತನಾಜೆಯ ಮೊದಲು, ಅಂದರೆ ಮೇ ಕೊನೆಯಲ್ಲಿ ಮಳೆಗಾಲ ತೊಡಗುವ ಮೊದಲು, ಮಾಡು ಮುಚ್ಚಿ ಕೊಡುತ್ತೇನೆಂದು ಮೇಸ್ತ್ರಿ ಮಾತು ಕೊಟ್ಟಿದ್ದರು. ಕೆಂಪುಕಲ್ಲಿನ ಗೋಡೆ ಲಿಂಟಲ್ ಮಟ್ಟಕ್ಕೆ ಬರುವಾಗ ಕಂತು ತಡವಾಯಿತು, ಕಂತು ಬರುವಾಗ ಮಳೆ ಹಿಡಿದಿತ್ತು. ಜೋರು ಮಳೆಯ ಆಟಿ ತಿಂಗಳಲ್ಲಿ ಯಾರೂ ಕಾಂಕ್ರೀಟು ಹಾಕುವುದಿಲ್ಲ. ನಾವು ಒಳಗೆ ಕಾಲಿಟ್ಟದ್ದು ಡಿಸೆಂಬರಿನಲ್ಲಿ.

ಆ ಹನ್ನೊಂದು ತಿಂಗಳಲ್ಲಿ ತಮ್ಮ ನಾಲ್ಕು ಕಡೆ ಮಲಗಿದ. ಮೊದಲು ಹಟ್ಟಿಯ ಪಕ್ಕ ಟಾರ್ಪಾಲು ಕಟ್ಟಿದ ಕೊಟ್ಟಿಗೆಯಲ್ಲಿ, ಆಮೇಲೆ ಸೋದರಮಾವನ ಮನೆಯಲ್ಲಿ. ಮಾವನೂ ಅತ್ತೆಯೂ ಸ್ವಂತ ಮಗನಂತೆ ನೋಡಿಕೊಂಡರು, ಆದರೆ ಅವರ ಮನೆಗೆ ಹತ್ತೊಂಬತ್ತು ಮೆಟ್ಟಿಲು, ಕಕ್ಕಸು ಅಂಗಳದಾಚೆ. ಪ್ರೀತಿ ಎಷ್ಟಿದ್ದರೂ ಎಪ್ಪತ್ತು ದಾಟಿದ ಮಾವ ಅರುವತ್ತು ಕಿಲೋ ತೂಕದ ಗಂಡಸನ್ನು ದಿನಕ್ಕೆ ಆರು ಸಲ ಎತ್ತಿ ಇಳಿಸುವುದು ಸಾಧ್ಯವಿರಲಿಲ್ಲ. ಬಾಡಿಗೆ ಮನೆ ಹುಡುಕಿದೆವು. ರಾತ್ರಿ ಅವನು ಒಮ್ಮೊಮ್ಮೆ ಕೂಗುತ್ತಾನೆ ಎಂದು ತಿಳಿದ ಮೇಲೆ ಮೂವರು ಮಾಲೀಕರು ಮುಂಗಡ ಹಿಂದೆ ಕೊಟ್ಟರು. ಕೊನೆಗೆ ಜುಲೈಯಲ್ಲಿ, ಸ್ವಲ್ಪ ದೂರದ ಒಂದು ಆರೈಕೆ ಕೇಂದ್ರದಲ್ಲಿ ಆರು ವಾರ ಬಿಟ್ಟೆವು.

ಆ ಆರು ವಾರಗಳ ಬಗ್ಗೆ ಬರೆಯುವಾಗ ಯಾರ ಮೇಲೂ ನನಗೆ ಸಿಟ್ಟಿಲ್ಲ. ಇಪ್ಪತ್ತಾರು ಮಂದಿಗೆ ಇಬ್ಬರು ಸಹಾಯಕಿಯರಿದ್ದರು, ಇಬ್ಬರೂ ದಯೆಯುಳ್ಳವರು, ಇಬ್ಬರ ಭಾಷೆಯೂ ಮಲಯಾಳ. "ವೆಳ್ಳಂ ವೇಣೋ" ಎಂದು ಅವರು ನೀರು ಬೇಕೇ ಎಂದು ಕೇಳಿದಾಗ ಇವನಿಗೆ ಕೇಳಿಸಿದ್ದು ಬೆಲ್ಲ. ಬೆಲ್ಲವೆಂದರೆ ಅವನಿಗೆ ಜೀವ, ಆದ್ದರಿಂದ ಆಸೆಯಿಂದ ತಲೆಯಾಡಿಸಿ ಬಾಯಿ ತೆರೆಯುತ್ತಿದ್ದ, ನೀರು ಬಿದ್ದಾಗ ಉಗುಳುತ್ತಿದ್ದ. ನಿಜವಾಗಿ ಬಾಯಾರಿದಾಗ ಅವನು ಹೇಳುವ "ನೀಂ" ಎಂಬ ಮಾತು ಅಲ್ಲಿ ಯಾರಿಗೂ ಅರ್ಥವಾಗುತ್ತಿರಲಿಲ್ಲ. ದಿನಚರಿ ಪುಸ್ತಕದಲ್ಲಿ ನಾಲ್ಕು ದಿನ "ನೀರು ಕುಡಿಯಲು ಒಪ್ಪುತ್ತಿಲ್ಲ" ಎಂದು ಬರೆದಿತ್ತು, ಐದನೆಯ ದಿನ ಮೂತ್ರದ ಸೋಂಕಿನಿಂದ ಜ್ವರ ಬಂತು. ಬಿದ್ದಾನು ಎಂಬ ಭಯದಿಂದ ಅವನನ್ನು ಹಗಲೆಲ್ಲ ಗಾಲಿ ಕುರ್ಚಿಯಲ್ಲೇ ಕೂರಿಸುತ್ತಿದ್ದರು. ಆಗಸ್ಟಿನಲ್ಲಿ ಕರೆದುಕೊಂಡು ಬರುವಾಗ ಅವನ ಮೀನಖಂಡ ನನ್ನ ಮುಷ್ಟಿಯೊಳಗೆ ಹಿಡಿಯುವಷ್ಟು ಸಣ್ಣಗಾಗಿತ್ತು, ನಡಿಗೆ ಹೋಗಿತ್ತು. ಅಮ್ಮನೂ ಅವನೂ ಕೊನೆಯ ನಾಲ್ಕು ತಿಂಗಳು ಕಳೆದದ್ದು ಚಿಕ್ಕಮ್ಮ ತೆರವು ಮಾಡಿಕೊಟ್ಟ ಅಡಿಕೆ ಗೋದಾಮಿನಲ್ಲಿ.

ಕಾಸರಗೋಡು ಜಿಲ್ಲೆಗೆ ಅಂಗವೈಕಲ್ಯ ಹೊಸ ವಿಷಯವಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ವರ್ಷಗಳ ಪರಿಣಾಮವನ್ನು ಎಣ್ಮಕಜೆಯಿಂದ ತೊಡಗಿ ಹಲವು ಪಂಚಾಯತುಗಳ ಮನೆಗಳು ಇನ್ನೂ ಹೊರುತ್ತಿವೆ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆದೇಶಿಸಿತು. ಬುದ್ಧಿಮಾಂದ್ಯ ಮಕ್ಕಳಿಗಾಗಿ ಬಡ್ಸ್ ಶಾಲೆಗಳಿವೆ, ಹಾಸಿಗೆ ಹಿಡಿದವರನ್ನು ನೋಡಲು ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೆ ಬರುತ್ತಾರೆ, ಆಶ್ವಾಸಕಿರಣಂ ಯೋಜನೆಯಲ್ಲಿ ಆರೈಕೆ ಮಾಡುವವರಿಗೆ ತಿಂಗಳಿಗೆ 600 ರೂಪಾಯಿಯ ಸಹಾಯವಿದೆ. ಇವು ಬೆಲೆಯುಳ್ಳವು, ಹೋರಾಡಿ ಪಡೆದವು. ಆದರೆ ಬಡ್ಸ್ ಶಾಲೆ ಸಂಜೆಯಾದರೆ ಮಕ್ಕಳನ್ನು ಮನೆಗೆ ಕಳುಹಿಸುತ್ತದೆ, ನರ್ಸ್ ಬರಬೇಕಾದರೂ ಒಂದು ಮನೆ ಇರಬೇಕು. ಎಲ್ಲ ಸವಲತ್ತುಗಳೂ ಮನೆ ಇದೆ ಎಂದು ಇಟ್ಟುಕೊಂಡೇ ಹೊರಡುತ್ತವೆ. ಮನೆ ಕೆಡವಿದವರು, ಮಂಗಳೂರಿನ ಆಸ್ಪತ್ರೆಯಿಂದ ಬಿಡುಗಡೆಯಾಗಿ ಗಾಲಿ ಕುರ್ಚಿಯೊಂದಿಗೆ ಮೆಟ್ಟಿಲಿನ ಬುಡದಲ್ಲಿ ನಿಂತವರು, ನೋಡಿಕೊಳ್ಳುತ್ತಿದ್ದ ತಾಯಿ ತೀರಿಕೊಂಡು ಅಣ್ಣನ ಮನೆಯಲ್ಲಿ ಕೋಣೆ ಸಿದ್ಧವಾಗುವುದನ್ನು ಕಾಯುವವರು, ಇವರು ಯಾವ ಪಟ್ಟಿಯಲ್ಲೂ ಬರುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ 'ಸಮರ್ಥ್' ಇದೆ, ಮನೆಯವರಿಗೆ ಕೆಲ ಕಾಲ ಬಿಡುವು ಕೊಡುವ ಕಲ್ಪನೆ ಅದರದ್ದು. 'ಘರೌಂದಾ' ಇದೆ, ಅದು ಜೀವನಪರ್ಯಂತದ ಆಸರೆಗೆ. ನಮಗೆ ಬೇಕಾದದ್ದು ಅವೆರಡರ ನಡುವಿನದು.

ಆಸ್ಟ್ರೇಲಿಯದಲ್ಲಿ ಅಂಗವಿಕಲರ ಆರೈಕೆಯ ಕೆಲಸದಲ್ಲಿರುವ ನನ್ನ ಚಿಕ್ಕಪ್ಪನ ಮಗಳು ಇದಕ್ಕೆ ಅಲ್ಲೊಂದು ಹೆಸರೇ ಇದೆ ಎಂದಾಗ ನಾನು ಅವಳಿಂದ ಎರಡೆರಡು ಸಲ ಹೇಳಿಸಿಕೊಂಡೆ. 2013ರಲ್ಲಿ ಆರಂಭವಾದ ಅಲ್ಲಿನ ರಾಷ್ಟ್ರೀಯ ಅಂಗವೈಕಲ್ಯ ವಿಮಾ ಯೋಜನೆಯಲ್ಲಿ 'ಮಧ್ಯಮಾವಧಿ ವಸತಿ' ಎಂಬುದಿದೆ. ಮುಂದೆ ಹೋಗಬೇಕಾದ ಮನೆ ನಿಶ್ಚಯವಾಗಿದ್ದು, ಅದು ಇನ್ನೂ ಸಿದ್ಧವಿಲ್ಲದೆ, ಈಗಿರುವಲ್ಲಿ ಇರಲು ಆಗದವರಿಗೆ ಸಾಮಾನ್ಯವಾಗಿ 90 ದಿನಗಳವರೆಗೆ ವಾಸದ ಖರ್ಚನ್ನು ಯೋಜನೆ ಭರಿಸುತ್ತದೆ. ಊಟ, ವಿದ್ಯುತ್ತಿನ ಖರ್ಚು ಅವರವರದ್ದು, ಆರೈಕೆಯವರ ಸಂಬಳ ಬೇರೆ ಲೆಕ್ಕದಿಂದ. ಅದು ಸಂಪತ್ತಿರುವ ದೇಶ, ಅಲ್ಲಿನ ಹಣದ ಪ್ರಮಾಣವನ್ನು ಇಲ್ಲಿ ಹೋಲಿಸಿ ಪ್ರಯೋಜನವಿಲ್ಲ. ನನ್ನ ಮನಸ್ಸಿನಲ್ಲಿ ನಿಂತದ್ದು ಒಂದೇ ನಿಬಂಧನೆ: ಒಳಗೆ ಬರುವಾಗಲೇ ಮುಂದಿನ ಮನೆ ಯಾವುದೆಂದು ಗೊತ್ತಿರಬೇಕು. ತಾತ್ಕಾಲಿಕ ಎಂದು ಹೇಳಿ ಬಿಟ್ಟುಹೋದವರನ್ನು ವರ್ಷಗಟ್ಟಲೆ ಕರೆದೊಯ್ಯಲು ಯಾರೂ ಬರದೆ ಇರುವುದನ್ನು ನಾನು ಆ ಆರೈಕೆ ಕೇಂದ್ರದಲ್ಲಿಯೇ ಕಂಡಿದ್ದೇನೆ. ನಾನು ಹೋದಾಗಲೆಲ್ಲ ಒಬ್ಬಾಕೆ ಚೀಲ ತುಂಬಿಸಿಕೊಂಡು ಬಾಗಿಲ ಬಳಿ ಕೂತಿರುತ್ತಿದ್ದರು.

ನಮ್ಮಲ್ಲಿ ಕಾನೂನಿನ ಆಧಾರವೂ ಇಲ್ಲದಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 5ನೆಯ ಕಲಮು, ಅಂಗವಿಕಲರಿಗೆ ಸಮುದಾಯದ ನಡುವೆ ಬದುಕುವ ಹಕ್ಕಿದೆ ಎನ್ನುತ್ತದೆ, ಇಂಥದೇ ವಸತಿಯಲ್ಲಿ ಇರಬೇಕೆಂದು ಅವರನ್ನು ಕಟ್ಟಿಹಾಕದಂತೆಯೂ ಮನೆಯಲ್ಲೂ ವಸತಿಗಳಲ್ಲೂ ಬೆಂಬಲ ಸೇವೆ ಸಿಗುವಂತೆಯೂ ಸರ್ಕಾರ ಪ್ರಯತ್ನಿಸಬೇಕು ಎಂದೂ ಹೇಳುತ್ತದೆ.

ನಾನು ಕೇಳುತ್ತಿರುವುದು ದೊಡ್ಡ ಕಟ್ಟಡವನ್ನಲ್ಲ. ರಸ್ತೆ ಬದಿಯಲ್ಲಿ, ನೆಲಮಟ್ಟದಲ್ಲಿ, ಎರಡು ಕುಟುಂಬಗಳು ಇರಬಹುದಾದ ಒಂದು ಮನೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು, 90 ಸೆಂಟಿಮೀಟರ್ ಅಗಲದ ಬಾಗಿಲು, ಹಿಡಿಗಂಬಿಯಿರುವ ಬಚ್ಚಲು, ಎತ್ತರದ ಕಮೋಡು. ತಾಯಿಯೋ ಅಕ್ಕನೋ ಜೊತೆಗೇ ಉಳಿಯುವಂತಿರಬೇಕು, ಅವರು ಕೆಲಸಕ್ಕೆ ಹೋದ ಹೊತ್ತಿಗೆ ಮತ್ತು ರಾತ್ರಿಗೆ, ಆ ಮನೆಯ ಭಾಷೆ ಬಲ್ಲ ಒಬ್ಬ ಸಹಾಯಕಿ ಇರಬೇಕು. ನಮ್ಮ ಕಡೆ ಭಾಷೆಯೆಂದರೆ ಕನ್ನಡ, ತುಳು, ಮಲಯಾಳ, ಮರಾಠಿ, ಬ್ಯಾರಿ, ಯಾವುದೂ ಆಗಬಹುದು. ಅವರವರ ಮಂಚ, ತಟ್ಟೆ, ಹೊದಿಕೆ ತರಲು ಬಿಡಬೇಕು. ಬರುವ ದಿನವೇ ಒಂದು ಹಾಳೆಯಲ್ಲಿ ಅವರ ಮಾತುಗಳನ್ನು ಬರೆದು ಗೋಡೆಗೆ ಅಂಟಿಸಬೇಕು, "ನೀಂ ಎಂದರೆ ನೀರು" ಎಂದು ಒಂದು ಸಾಲು ಅಲ್ಲಿದ್ದಿದ್ದರೆ ನನ್ನ ತಮ್ಮನಿಗೆ ಆ ಜ್ವರ ಬರುತ್ತಿರಲಿಲ್ಲ. ಅದೇ ಹಾಳೆಯ ಕೆಳಗೆ ಹೋಗುವ ಮನೆಯ ವಿಳಾಸ ಮತ್ತು ತಿಂಗಳು ಇರಬೇಕು. ಮಳೆಗಾಲವನ್ನು ಲೆಕ್ಕಕ್ಕೆ ಹಿಡಿದು ಆ ಅವಧಿಯನ್ನು ಇಲ್ಲಿ 90 ದಿನಗಳಿಗಿಂತ ಉದ್ದ ಮಾಡಬೇಕಾದೀತು.

ಹೊಸ ಮನೆಯಲ್ಲಿ ಅಪ್ಪ ಮೊದಲು ಮಾಡಿದ ಕೆಲಸ ಆ ಅಡಿಕೆ ಗಳವನ್ನು ಬಿಗಿದದ್ದು. ಹೊಸ್ತಿಲನ್ನು ನಾವು ಇಡಲಿಲ್ಲ, ಗಂಟು ಮಾತ್ರ ಅಭ್ಯಾಸಕ್ಕೆಂದು ಉಳಿಸಿದೆವು. ಫಿಸಿಯೊಥೆರಪಿಯ ಏಳು ತಿಂಗಳ ಬಳಿಕ ತಮ್ಮ ಬಚ್ಚಲಿನವರೆಗೆ ನಡೆದ, ಈಗಲೂ ಹಿಂದೆ ಒಬ್ಬರು ಇರಬೇಕು.

ಪಂಚಾಯತು ಭಿನ್ನಶೇಷಿ ಗ್ರಾಮಸಭೆ, ಅಂದರೆ ಅಂಗವಿಕಲರಿಗಾಗಿಯೇ ಇರುವ ಗ್ರಾಮಸಭೆ, ಕರೆದಿದೆ. ಶಾಲೆಯ ಹಿಂದೆ ಬೀಗ ಹಾಕಿ ಬಿಟ್ಟಿರುವ ಎರಡು ಕೋಣೆಗಳ ಹಳೆಯ ವಸತಿಗೃಹವನ್ನು ಮೊನ್ನೆ ಆ ತಾಯಿಯೂ ನಾನೂ ಟೇಪು ಹಿಡಿದು ಅಳೆದೆವು. ಬಾಗಿಲು 72 ಸೆಂಟಿಮೀಟರ್ ಇದೆ, ಅಗಲ ಮಾಡಬೇಕು, ಮಾಡು ಸೋರುತ್ತಿಲ್ಲ, ಬಾವಿ ಹತ್ತಿರವಿದೆ. ಅರ್ಜಿಯನ್ನು ಕನ್ನಡದಲ್ಲೂ ಮಲಯಾಳದಲ್ಲೂ ಬರೆದಿದ್ದೇವೆ. ಗ್ರಾಮಸಭೆಯ ತೀರ್ಮಾನ ಬರುವವರೆಗೆ ಆ ತಾಯಿ ತಮ್ಮ ಹಳೆಯ ಮನೆಯ ಒಂದು ಹಂಚನ್ನೂ ತೆಗೆಸುವುದಿಲ್ಲ ಎಂದಿದ್ದಾರೆ.