ಮೂಲ ಊರು ಯಾವುದು?

ಸುಳ್ಯ.

ಉತ್ತರ ಇಷ್ಟೇ. ಇಲ್ಲಿಗೆ ನಿಲ್ಲಿಸಬಹುದಿತ್ತು, ಆದರೆ ಕೇಳುವವರು ನಿಲ್ಲಿಸುವುದಿಲ್ಲ. “ಅದು ಸರಿ, ಮೂಲ ಊರು?” ಎನ್ನುತ್ತಾರೆ. ಬಾಡಿಗೆ ಮನೆಯ ಯಜಮಾನರು, ವರ್ಗವಾಗಿ ಬಂದ ಹೊಸ ಸಹೋದ್ಯೋಗಿಗಳು, ನನ್ನ ವಿದ್ಯಾರ್ಥಿಗಳ ತಂದೆತಾಯಿ, ಎಲ್ಲರೂ. ಋಷಿಮೂಲ, ನದೀಮೂಲ ಕೇಳಬಾರದೆಂದು ಹಿರಿಯರು ಹೇಳಿದ್ದಾರೆ. ರಬ್ಬರ್ ತೋಟದವರ ಮೂಲವನ್ನೂ ಆ ಸಾಲಿಗೆ ಸೇರಿಸಿದ್ದರೆ ನನ್ನ ಅರ್ಧ ಆಯುಷ್ಯ ಉಳಿಯುತ್ತಿತ್ತು. ಆ ಹೆಸರಿನದೊಂದು ವ್ಯಾಧಿಯೂ ಇದೆ ಎಂಬುದನ್ನು, ಕನ್ನಡ ಟೀಚರ್ ಆದ್ದರಿಂದ, ನೆನಪಿಸುವ ಆಸೆಯಾಗುತ್ತದೆ. ಇಷ್ಟರವರೆಗೆ ತಡೆದುಕೊಂಡಿದ್ದೇನೆ.

ಒಮ್ಮೆ ಪುತ್ತೂರಿನಲ್ಲಿ ಒಂದು ಮದುವೆ ಊಟ. ಪಕ್ಕದ ಎಲೆಯ ಹಿರಿಯರು ಸಾರು ಕಲಸುತ್ತಲೇ ಶುರು ಮಾಡಿದರು.

“ಊರು ಯಾವುದಮ್ಮ?”

“ಸುಳ್ಯ.”

“ಸುಳ್ಯದಲ್ಲಿ ಯಾರ ಮನೆ?”

“ರಬ್ಬರ್ ತೋಟದ ಲೈನ್ ಮನೆ, ಕೂಲಿಯವರ ಸಾಲುಮನೆ.”

ಅವರ ಕೈ ನಿಂತಿತು. ಸುತ್ತ ನೋಡಿ, ಯಾರಿಗೋ ಬಂದ ಕೆಟ್ಟ ಕಾಯಿಲೆಯ ಬಗ್ಗೆ ವಿಚಾರಿಸುವ ದನಿಯಲ್ಲಿ, “ಸಿಲೋನಾ?” ಎಂದರು. ಆಮೇಲೆ, “ಬೇಸರ ಮಾಡಿಕೊಳ್ಳಬೇಡಿ, ನಿರಾಶ್ರಿತರಾದರೂ ಕನ್ನಡ ಎಷ್ಟು ಚೆನ್ನಾಗಿ ಮಾತನಾಡುತ್ತೀರಿ!”

ಮನೆಯಲ್ಲಿ ತಮಿಳು, ಬಸ್‌ಸ್ಟ್ಯಾಂಡಿನಲ್ಲಿ ತುಳು, ಒಂದನೇ ತರಗತಿಯಿಂದ ಕನ್ನಡ ಮಾಧ್ಯಮ. ಚೆನ್ನಾಗಿ ಬಾರದೆ ಏನು? ಆ ದಿನ ಸಿಟ್ಟು ನೆತ್ತಿಗೇರಿ ಪೂರ್ತಿ ಕಥೆ ಹೇಳಿಬಿಟ್ಟೆ.

ಮುತ್ತಜ್ಜ ತಮಿಳುನಾಡಿನ ಪುದುಕೋಟೆಯ ಕಡೆಯವರು. ಬರ ಬಂದಾಗ ಕಂಗಾಣಿಯೊಬ್ಬ ಮುಂಗಡ ಕೊಟ್ಟು ಸಿಲೋನಿನ, ಎಂದರೆ ಈಗಿನ ಶ್ರೀಲಂಕಾದ, ಟೀ ತೋಟಕ್ಕೆ ಸಾಗಿಸಿದ. ಇಂಥ ಕೂಲಿಗಳನ್ನು ಕಂಗಾಣಿಗಳೇ ಊರೂರಿನಿಂದ ಒಟ್ಟು ಮಾಡಿ ಬ್ರಿಟಿಷರ ತೋಟಗಳಿಗೆ ಒಯ್ಯುತ್ತಿದ್ದರು. ಮುಂಗಡ ತೀರುವ ಮೊದಲು ಜೀವ ತೀರುತ್ತಿತ್ತು. ಅಜ್ಜಿ ಹುಟ್ಟಿದ್ದು ಹ್ಯಾಟನ್ ಹತ್ತಿರದ ಲೈನ್ ಮನೆಯಲ್ಲಿ. 1948ರಲ್ಲಿ ಸಿಲೋನ್ ಸ್ವತಂತ್ರವಾಯಿತು. ಅದೇ ವರ್ಷ ಬಂದ ಪೌರತ್ವ ಕಾಯ್ದೆ ತೋಟದ ತಮಿಳರನ್ನು ಹೊರಗಿಟ್ಟಿತು. ಹುಟ್ಟಿದ ನೆಲದಲ್ಲೇ ಯಾವ ದೇಶಕ್ಕೂ ಸೇರದವರಾದರು. 1964ರ ಅಕ್ಟೋಬರಿನಲ್ಲಿ ನಮ್ಮ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿಲೋನಿನ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಕುಳಿತು, ಹಲಸಿನ ಹಣ್ಣು ಪಾಲು ಮಾಡಿದ ಹಾಗೆ, 9,75,000 ಜನರನ್ನು ಪಾಲು ಮಾಡಿದರು: ಭಾರತಕ್ಕೆ 5,25,000, ಸಿಲೋನಿಗೆ 3,00,000. ಉಳಿದ ಒಂದೂವರೆ ಲಕ್ಷವನ್ನು ಮುಂದೆ ನೋಡೋಣ ಎಂದು ಬದಿಗಿಟ್ಟರು. 1974ರಲ್ಲಿ ಅದನ್ನೂ ಸಮಪಾಲು ಮಾಡಿದರು. ನನ್ನ ಅಜ್ಜ ಈ ಪಾಲಿಗೆ ಬಂದರು, ಅಜ್ಜನ ತಮ್ಮ ಆ ಪಾಲಿಗೆ ಉಳಿದರು. ಅಣ್ಣತಮ್ಮಂದಿರು ಮತ್ತೆ ಮುಖ ನೋಡಲಿಲ್ಲ.

ಅಜ್ಜಿ ಭಾರತದ ಪಾಸ್‌ಪೋರ್ಟ್ ಹಿಡಿದು, ತಲೈಮನ್ನಾರಿನಿಂದ ಹಡಗಿನಲ್ಲಿ, ಜನ್ಮದಲ್ಲಿ ಮೊದಲ ಬಾರಿಗೆ ಭಾರತ ನೋಡಿದರು. ಕಾಗದದಲ್ಲಿ ಅವರು ‘ತಾಯಗಂ ತಿರುಂಬಿಯೋರ್’, ಎಂದರೆ ತಾಯ್ನಾಡಿಗೆ ಮರಳಿದವರು. ಕಾಣದ ಊರಿಗೆ ಮರಳುವುದು ಹೇಗೆಂದು ಆ ಕಾಗದ ಬರೆದವರನ್ನೇ ಕೇಳಬೇಕು. ಮಂಟಪಂ ಶಿಬಿರದಲ್ಲಿ ಕೆಲವು ವಾರ ಇದ್ದು, ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಕ್ಕೆ, ಸುಳ್ಯಕ್ಕೆ ಬಂದರು. ಮತ್ತೆ ಲೈನ್ ಮನೆ. ಆದ್ದರಿಂದ, ಹಿರಿಯರೇ, ನಿರಾಶ್ರಿತರಲ್ಲ. ಒಪ್ಪಂದದ ಪ್ರಕಾರ ಬಂದ ಪ್ರಜೆಗಳು.

ಇಷ್ಟು ಹೇಳುವಷ್ಟರಲ್ಲಿ ಪಾಯಸದವನು ನಮ್ಮಿಬ್ಬರನ್ನೂ ದಾಟಿ ಹೋಗಿದ್ದ. ಹಿರಿಯರ ಮುಖದಲ್ಲಿ ಕಂಡ ನಿಜವಾದ ದುಃಖ ಅದೊಂದೇ.

ಪ್ರಶ್ನೆಗೆ ಇಷ್ಟೇಕೆ ಉರಿಯುತ್ತೀರಿ ಎಂದೂ ಕೇಳುತ್ತಾರೆ. ಶ್ರೀಲಂಕಾದ ತಮಿಳು ಹುಲಿಗಳಿಂದ ರಾಜೀವ್ ಗಾಂಧಿ ಹತ್ಯೆಯಾದ 1991ರಲ್ಲಿ ನನಗೆ ಹನ್ನೆರಡು ವರ್ಷ. ತರಗತಿಯ ಹುಡುಗರು “ನಿನ್ನ ಅಪ್ಪ ಹುಲಿಯಾ?” ಎಂದು ಕೇಳಿದ್ದರು. ಅಪ್ಪನಿಗೆ ಬೆಕ್ಕು ಕಂಡರೂ ಆಗುತ್ತಿರಲಿಲ್ಲ. ಆಮೇಲೆ ಜಾತಿ ಪ್ರಮಾಣಪತ್ರಕ್ಕೆ ಹೋದಾಗ ಗುಮಾಸ್ತರೊಬ್ಬರು, ಮೂಲ ಊರಿನಿಂದ ದಾಖಲೆ ತನ್ನಿ ಎಂದರು. ಮುತ್ತಜ್ಜ ಬಿಟ್ಟುಹೋದ ಹಳ್ಳಿಯ ಹೆಸರು ಅಪ್ಪನಿಗೇ ಗೊತ್ತಿರಲಿಲ್ಲ. ನೀವು ಮಾತಿಗೆಂದು ಕೇಳುವುದನ್ನು ಅವರು ಮೊಹರು ಹಿಡಿದುಕೊಂಡು ಕೇಳುತ್ತಾರೆ, ಅಷ್ಟೇ ವ್ಯತ್ಯಾಸ.

ಅಂದ ಹಾಗೆ, ರಬ್ಬರ್ ಮರದ ಮೂಲ ಬ್ರೆಜಿಲ್. ಬೀಜ 1876ರಲ್ಲಿ ಲಂಡನ್ನಿಗೆ ಹೋಯಿತು, ಅಲ್ಲಿ ಮೊಳೆತ ಸಸಿ ಸಿಲೋನಿಗೆ, ಸಿಲೋನಿನಿಂದ ನಮ್ಮ ಕಡೆಗೆ. ಅದನ್ನು ಮಾತ್ರ ಯಾರೂ ಕೇಳುವುದಿಲ್ಲ. ಹಾಲು ಕೊಡುತ್ತದಲ್ಲ!

ಕೇಳಲೇಬೇಕೆಂದಿದ್ದರೆ ಇದನ್ನು ಕೇಳಿ: ಟೀ ಕುಯ್ದ ಕೈ ರಬ್ಬರ್ ಚೂರಿಗೆ ಹೇಗೆ ಒಗ್ಗಿತು? ಯಾರೂ ಕೇಳಿಲ್ಲ. ಆಗ ಅಜ್ಜಿಗೆ ನಲವತ್ತು ದಾಟಿತ್ತು. ಟೀ ಕುಯ್ಯುವುದು ಎರಡೂ ಕೈಯ ಕೆಲಸ, ಎರಡೆಲೆ ಒಂದು ಕುಡಿ ಚಿವುಟಿ ಬೆನ್ನಿನ ಬುಟ್ಟಿಗೆ ಎಸೆಯುವ ಓಟ. ರಬ್ಬರ್ ಹಾಗಲ್ಲ. ಬೆಳಕು ಹರಿಯುವ ಮುಂಚೆ, ತಂಪಿರುವಾಗಲೇ, ಎಡಕ್ಕೆ ಎತ್ತರ ಬಲಕ್ಕೆ ತಗ್ಗಾಗಿ ತೊಗಟೆಯನ್ನು ಕಾಗದದಷ್ಟು ತೆಳ್ಳಗೆ ಕೆತ್ತಬೇಕು. ಮೇಲಾಯಿತೋ, ಹಾಲಿಲ್ಲ. ಆಳವಾಗಿ ಮರಕ್ಕೆ ತಾಗಿತೋ, ಗಾಯ. ಅಲ್ಲಿ ತೊಗಟೆ ಗಂಟುಗಂಟಾಗಿ ಬೆಳೆಯುತ್ತದೆ. ಮೊದಲ ತಿಂಗಳು ಅಜ್ಜಿ ಗಾಯ ಮಾಡದ ಮರವಿರಲಿಲ್ಲವಂತೆ. ಮೇಸ್ತ್ರಿ ಬೈಯುತ್ತಿದ್ದ. ರಾತ್ರಿ ಒಲೆಯ ಮುಂದೆ ಸೌದೆಯ ಕೊರಡು ನಿಲ್ಲಿಸಿಕೊಂಡು ಕೆತ್ತಿ ಕೆತ್ತಿ ಕಲಿತರು. ಕೊನೆಗೆ ದಿನಕ್ಕೆ ಮುನ್ನೂರು ಮರ, ಗೆರಟೆಯಿಂದ ಒಂದು ಹನಿ ಆಚೆ ಬೀಳದಂತೆ.

ಚೂರಿ ಕೆಳಗಿಟ್ಟು ಎಷ್ಟೋ ವರ್ಷಗಳ ಮೇಲೆ, ಒಂದು ದಿನ ಅಮ್ಮ ಒಗ್ಗರಣೆಗೆ ನಾಲ್ಕು ಎಸಳು ಕರಿಬೇವು ತರಲು ಅಜ್ಜಿಯನ್ನು ಪಕ್ಕದ ಮನೆಗೆ ಕಳುಹಿಸಿದರು. ಬರಲಿಲ್ಲವೆಂದು ನಾನು ಹೋಗಿ ನೋಡಿದರೆ, ಗಿಡ ಬೋಳಾಗಿತ್ತು. ಅಜ್ಜಿ ಎರಡೂ ಕೈಯಲ್ಲಿ ಚಿವುಟಿ ಚಿವುಟಿ, ತಿರುಗಿಯೂ ನೋಡದೆ, ಹೆಗಲ ಮೇಲಿನಿಂದ ಹಿಂದಕ್ಕೆ ಎಸೆಯುತ್ತಿದ್ದರು. ಅಂಗಳದ ತುಂಬ ಕರಿಬೇವು. ಪಕ್ಕದ ಮನೆಯವರು ಒಂದು ವಾರ ನಮ್ಮೊಡನೆ ಮಾತು ಬಿಟ್ಟಿದ್ದರು.