ಎರಡರಲ್ಲಿ ಒಂದು

ಅಣಕು ಪರೀಕ್ಷೆ ಬರೆದು ಉತ್ತರಗಳನ್ನು ತಾಳೆ ನೋಡುತ್ತಿದ್ದೆ. ತರ್ಕ ವಿಭಾಗದಲ್ಲಿ ಅಸಮಾನತೆಯ, ಅಂದರೆ ಯಾವುದು ದೊಡ್ಡದು, ಯಾವುದು ಚಿಕ್ಕದು ಎಂದು ಚಿಹ್ನೆಗಳಿಂದ ಕಂಡುಹಿಡಿಯುವ, ಐದು ಪ್ರಶ್ನೆಗಳಲ್ಲಿ ಎರಡು ತಪ್ಪು. ಯಾರು ಎಲ್ಲಿ ಕುಳಿತಿದ್ದಾರೆ ಎಂದು ಬಿಡಿಸುವ ಆಸನ ವ್ಯವಸ್ಥೆಯ ಪ್ರಶ್ನೆ ಕೈಕೊಟ್ಟಿದ್ದರೆ ಇಷ್ಟು ಬೇಸರವಾಗುತ್ತಿರಲಿಲ್ಲ. ಇವು ಅರ್ಧ ನಿಮಿಷದಲ್ಲಿ ಮುಗಿಯಬೇಕಾದವು. ಕೀ ಉತ್ತರವೇ ತಪ್ಪಿರಬೇಕು ಎಂದುಕೊಂಡೆ.

ಹೇಳಿಕೆಯಿಂದ ಯಾವ ತೀರ್ಮಾನ ಖಚಿತವಾಗಿ ಹೊರಡುತ್ತದೆ ಎಂದು ಕೊಟ್ಟ ಆಯ್ಕೆಗಳಲ್ಲಿ ಗುರುತಿಸಬೇಕು. ಮೊದಲನೆಯದರ ಹೇಳಿಕೆ ಹೀಗಿತ್ತು: ಕ ≥ ಚ = ಟ ≥ ತ < ಪ. ತೀರ್ಮಾನಗಳು: ಕ > ತ, ಕ = ತ. ಕ ದೊಡ್ಡದು ಎಂಬುದು ಖಚಿತವಲ್ಲ, ಸಮ ಎಂಬುದೂ ಖಚಿತವಲ್ಲ. ಹಾಗಾಗಿ ‘ಎರಡೂ ಸರಿಯಲ್ಲ’ ಎಂದು ಗುರುತು ಹಾಕಿದ್ದೆ. ಬಿಡಿಬಿಡಿಯಾಗಿ ನೋಡಿದರೆ ನನ್ನ ವಾದದಲ್ಲಿ ತಪ್ಪಿರಲಿಲ್ಲ. ಎರಡನ್ನೂ ಜೊತೆಗಿಟ್ಟು ನೋಡಿರಲಿಲ್ಲ, ಅಷ್ಟೇ. > ಮತ್ತು < ಚಿಹ್ನೆಗಳು 1631ರಲ್ಲಿ ಇಂಗ್ಲಿಷ್ ಗಣಿತಜ್ಞ ಥಾಮಸ್ ಹ್ಯಾರಿಯಟ್ ಅವರ ಪುಸ್ತಕದಲ್ಲಿ ಅಚ್ಚಾದವು; ≥, ≤ ಚಿಹ್ನೆಗಳಲ್ಲಿರುವ ಅಡಿಯ ಗೆರೆ ಸೇರಿದ್ದು ಆಮೇಲೆ. ‘ಅಥವಾ’ ಎಂಬ ಮಾತನ್ನು ಹೊತ್ತಿರುವುದು ಆ ಗೆರೆಯೇ. ಕ ≥ ತ ಎಂದಾದ ಮೇಲೆ ದೊಡ್ಡದು ಇಲ್ಲವೇ ಸಮ, ಮೂರನೆಯ ದಾರಿಯಿಲ್ಲ. ಉತ್ತರ: ‘ಎರಡರಲ್ಲಿ ಒಂದು ಸರಿ’.

ಎರಡನೆಯ ತಪ್ಪು ಇನ್ನೂ ಕಾಡಿತು. ಅದೇ ಹೇಳಿಕೆ, ತೀರ್ಮಾನಗಳು ಕ > ಪ, ಕ ≤ ಪ. ತ ದಾಟುತ್ತಲೇ ಚಿಹ್ನೆ ತಿರುಗುತ್ತದೆ, ಸರಪಳಿ ಕಡಿಯುತ್ತದೆ, ಸಂಬಂಧ ಹೇಳಲಾಗದು. ಅಲ್ಲಿಗೆ ಕೈಬಿಟ್ಟಿದ್ದೆ. ಈಗ ಹಾಳೆಯ ಅಂಚಿನಲ್ಲಿ ಸಂಖ್ಯೆಗಳನ್ನು ಇಟ್ಟು ನೋಡಿದೆ. ಚ, ಟ, ತ ಮೂರೂ 5, ಪ 6 ಎಂದಿರಲಿ. ಕ 5 ಆದರೆ ಪ ದೊಡ್ಡದು, 6 ಆದರೆ ಸಮ, 9 ಆದರೆ ಕ ದೊಡ್ಡದು. ಮೂರೂ ಸಾಧ್ಯ. ಆದರೆ ಆ ಎರಡು ತೀರ್ಮಾನಗಳು ಸೇರಿ ಮೂರನ್ನೂ ಒಳಗೊಳ್ಳುತ್ತವೆ! ಏನೂ ಗೊತ್ತಿಲ್ಲದಿದ್ದರೂ ಎರಡರಲ್ಲಿ ಒಂದು ನಿಜವಾಗಲೇಬೇಕು. ಅದೇ ಕ > ಪ, ಕ < ಪ ಎಂದು ಕೊಟ್ಟಿದ್ದರೆ ಸಮ ಹೊರಗುಳಿದು ಎರಡೂ ಬಿದ್ದುಹೋಗುತ್ತಿದ್ದವು. ಒಂದು ಗೆರೆ ಉತ್ತರವನ್ನೇ ಬದಲಿಸುತ್ತದೆ ಎಂಬುದು ಕಣ್ಣಿಗೆ ಕಂಡಾಗ ಬೇಸರವೆಲ್ಲ ಹೋಗಿ ಖುಷಿಯಾಯಿತು. ಈ ಪ್ರಶ್ನೆಗಳನ್ನು ಸುಲಭ ಅಂಕವೆಂದು ಹಗುರವಾಗಿ ಕಾಣುವುದು ಅನ್ಯಾಯ. ಇಷ್ಟು ಅಚ್ಚುಕಟ್ಟಾದ ತರ್ಕ ಬೇರೆ ವಿಭಾಗದಲ್ಲಿ ನನಗೆ ಸಿಕ್ಕಿಲ್ಲ.

ಅಂದು ರಾತ್ರಿ ಹಳೆಯ ಪ್ರಶ್ನೆಗಳನ್ನೆಲ್ಲ ಮತ್ತೆ ತೆಗೆದೆ. ಎರಡೂ ತೀರ್ಮಾನಗಳು ಒಂದೇ ಜೋಡಿಯ ಬಗ್ಗೆ ಇದ್ದಲ್ಲೆಲ್ಲ ಪಕ್ಕದಲ್ಲಿ >, =, < ಬರೆದು, ಹೇಳಿಕೆಯ ಪ್ರಕಾರ ಸಾಧ್ಯವಿಲ್ಲದ್ದನ್ನು ಮೊದಲು ಹೊಡೆದುಹಾಕಿದೆ, ತೀರ್ಮಾನಗಳು ಒಳಗೊಂಡದ್ದನ್ನು ಆಮೇಲೆ. ಒಂದಾದರೂ ಉಳಿದರೆ ‘ಎರಡರಲ್ಲಿ ಒಂದು’ ಎಂಬ ಆಯ್ಕೆಯನ್ನು ಮುಟ್ಟಲಿಲ್ಲ.