ಬೈಗುಳ ಹಿಡಿಯುವ ಸಾಫ್ಟ್‌ವೇರ್, ನುಣುಚಿಕೊಳ್ಳುವ ವ್ಯಂಗ್ಯ

ಸುದ್ದಿಮನೆಯಲ್ಲಿ ಓದುಗರ ಕಾಮೆಂಟ್ ನೋಡುವುದು ನನ್ನ ಕೆಲಸ. ಬೈಗುಳ ಹಿಡಿಯುವುದೇನೂ ಕಷ್ಟವಿಲ್ಲ. ಮರ್ಯಾದೆಯಾಗಿ ಮಾತಾಡುತ್ತಲೇ ಚುಚ್ಚುವವರು ಇರುತ್ತಾರಲ್ಲ, ಅವರೇ ತಲೆನೋವು. "ಆಹಾ, ತಮ್ಮ ಬುದ್ಧಿಗೆ ಶರಣು ಸ್ವಾಮಿ!" ಅಂದರೆ ಸಾಫ್ಟ್‌ವೇರ್ ಅದನ್ನು ಹೊಗಳಿಕೆ ಅಂದುಕೊಂಡು ಬಿಟ್ಟುಬಿಡಬಹುದು.

ಗೂಗಲ್ ಬಳಗದ ಜಿಗ್‌ಸಾ 2017ರಲ್ಲಿ ಪರ್ಸ್ಪೆಕ್ಟಿವ್ ಅನ್ನುವ ಸಾಧನ ತಂದಿತು. ಅದು ಪ್ರತಿ ಕಾಮೆಂಟಿಗೂ 0ಯಿಂದ 1ರವರೆಗೆ ಅಂಕ ಕೊಡುತ್ತದೆ. 0.9 ಬಂದರೆ, ಓದುವವರಿಗೆ ಅದು ಒರಟಾಗಿ ಕಾಣುವ ಸಾಧ್ಯತೆ ಜಾಸ್ತಿ ಅಂತ. ಮೊದಮೊದಲು "ನಾನು ಸಲಿಂಗಿ" ಎಂಬರ್ಥದ ಸಾದಾ ಇಂಗ್ಲಿಷ್ ವಾಕ್ಯಕ್ಕೂ ಹೆಚ್ಚು ಅಂಕ ಬೀಳುತ್ತಿತ್ತು. ಆ ಸಾಧನಕ್ಕೆ ಕಲಿಯಲು ಕೊಟ್ಟ ಕಾಮೆಂಟ್‌ಗಳಲ್ಲಿ ಆ ಪದ ಹೆಚ್ಚಾಗಿ ಬೈಗುಳದ ಜೊತೆಗೇ ಬಂದಿತ್ತು, ಪಾಪ ಅದಕ್ಕೇನು ಗೊತ್ತು!

ಆದರೂ ಇಂಥದ್ದು ಬೇಡ ಅನ್ನಲಾರೆ. ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಆಗ ದಿನಕ್ಕೆ ಸುಮಾರು 11,000 ಕಾಮೆಂಟ್‌ಗಳನ್ನು 14 ಜನ ನೋಡುತ್ತಿದ್ದರು. ಕೈ ಸಾಲದೆ ಹತ್ತರಲ್ಲಿ ಒಂದು ಸುದ್ದಿಗಷ್ಟೇ ಕಾಮೆಂಟ್ ತೆರೆದಿರುತ್ತಿತ್ತು. ಅಂಕದ ಪ್ರಕಾರ ಗುಂಪು ಮಾಡಿ ತೋರಿಸಿದರೆ ಕಡಿಮೆ ಅಂಕದವಕ್ಕೆ ಒಟ್ಟಿಗೇ ಒಪ್ಪಿಗೆ ಕೊಡಬಹುದು. ಅನುಮಾನದವು ಮಾತ್ರ ಮನುಷ್ಯರ ಕಣ್ಣಿಗೆ.

ನನಗೆ ಜಾಸ್ತಿ ಇಷ್ಟವಾಗಿದ್ದು ನಾರ್ವೆಯ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಆರ್‌ಕೆಯ ತಂತ್ರಜ್ಞಾನ ತಾಣ ಎನ್‌ಆರ್‌ಕೆ ಬೀಟಾದ ಉಪಾಯ. 2017ರಲ್ಲಿ ಅವರು ಕೆಲವು ಸುದ್ದಿಗಳ ಕೆಳಗೆ ಪುಟ್ಟ ಕ್ವಿಜ್ ಇಟ್ಟರು. ಸುದ್ದಿಯ ಮೇಲೆ ಮೂರು ಪ್ರಶ್ನೆ, ಸರಿ ಉತ್ತರ ಕೊಟ್ಟರೆ ಮಾತ್ರ ಕಾಮೆಂಟ್. ತಲೆಬರಹ ನೋಡಿಯೇ ಜಗಳಕ್ಕೆ ಬರುವವರಿಗೆ ಅಲ್ಲೇ ತಡೆ! ನಮ್ಮಲ್ಲೂ ಮಾಡೋಣ ಅಂದೆ. "ಆ ಪ್ರಶ್ನೆಗಳನ್ನು ಯಾರು ಬರೆಯುತ್ತಾರೆ?" ಅಂದರು ಸಂಪಾದಕರು, ನನ್ನನ್ನೇ ನೋಡುತ್ತಾ.